ಚಂದ್ರಿ ಎಂಬ ಎಮ್ಮೆ, ಬಬಲೇಶ್ವರದಲ್ಲಿ ಮಾತ್ರ

ನಾನು ದಿನವೂ ಓದುವ ಬರಹದಲ್ಲಿ ಅರ್ಧದಷ್ಟು ಸಾಲುಗಳು ನನ್ನ ಮನೆಯಲ್ಲಿ ಇರುವುದಿಲ್ಲ. ಹೀಗೆಂದರೆ ಹೆಂಡತಿ ನನ್ನ ಹಣೆ ಮುಟ್ಟಿ ನೋಡುತ್ತಾಳೆ. ಆದರೆ ಜಲನಗರದ ಮನೆಯ ಮಹಡಿಯಲ್ಲಿ ಕುಳಿತು ನಾನು ಮಾಡುವ ಕೆಲಸವೇ ಅಂಥದು. ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ರಸ್ಟ್ ಎಂದರೆ ತುಕ್ಕು. "ತುಕ್ಕು ತಿಕ್ಕಾಕ ಇಷ್ಟು ಸಾಲಿ ಕಲೀಬೇಕಾಗಿತ್ತೇನೋ ಯಪ್ಪಾ?" ಎಂದು ಗಂಗವ್ವತ್ತೆ ಒಮ್ಮೆ ಕೇಳಿದ್ದಳು. ಅವಳು ನನ್ನ ಅಪ್ಪನ ಅಕ್ಕ.

ಆ ಭಾಷೆಯ ಜೊತೆಗೆ ಒಂದು ಲೈಬ್ರರಿ ಬರುತ್ತದೆ. ಫೈಲ್ ತೆರೆಯುವುದು, ಗಡಿಯಾರ ನೋಡುವುದು ಮುಂತಾದ ನಿತ್ಯದ ಕೆಲಸಗಳನ್ನು ಅದರಲ್ಲಿ ಯಾರೋ ಬರೆದಿಟ್ಟಿರುತ್ತಾರೆ. ಲಿನಕ್ಸ್ ಯಂತ್ರ ಫೈಲ್ ತೆರೆಯುವ ರೀತಿ ಬೇರೆ, ವಿಂಡೋಸ್ ರೀತಿ ಬೇರೆ. ಹಾಗಾಗಿ ಒಂದೇ ಕೆಲಸವನ್ನು ಎರಡು ಬಗೆಯಲ್ಲಿ ಬರೆದು, ಒಂದೊಂದರ ತಲೆಯ ಮೇಲೂ ಷರತ್ತಿನ ಚೀಟಿ ಅಂಟಿಸಿರುತ್ತಾರೆ: 'ಲಿನಕ್ಸ್ ಆದರೆ ಮಾತ್ರ', 'ವಿಂಡೋಸ್ ಆದರೆ ಮಾತ್ರ'. ಬರಹವನ್ನು ಯಂತ್ರದ ಮಾತಿಗೆ ಇಳಿಸುವ ಕಂಪೈಲರ್ ಮೊದಲು ಈ ಚೀಟಿ ಓದುತ್ತದೆ. ಷರತ್ತು ಹೊಂದದಿದ್ದರೆ ಕೆಳಗಿನ ಸಾಲುಗಳು ಅಳಿಸಿದ್ದಲ್ಲ, ಮುಚ್ಚಿಟ್ಟದ್ದೂ ಅಲ್ಲ. ಅವು ಹುಟ್ಟಿಯೇ ಇಲ್ಲ. ತೆರೆದ ಕಂಸಗಳು, ಅಂದರೆ ಬ್ರಾಕೆಟ್ಟುಗಳು, ಮುಚ್ಚಿವೆಯೇ ಎಂದು ಕಂಪೈಲರ್ ಒಮ್ಮೆ ನೋಡುತ್ತದೆ, ಅರ್ಥದ ಗೊಡವೆಗೆ ಹೋಗುವುದಿಲ್ಲ. ಅಲ್ಲಿ ಎಂಥ ಹುಚ್ಚುತನ ಬರೆದಿದ್ದರೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಅಚ್ಚುಕಟ್ಟಾದ ನೆನಪು ಕಂಡರೆ ನನಗೆ ಅನುಮಾನ ಬರುವುದು ಈ ಕೆಲಸದಿಂದಲೇ. ಯಾರ ಮುಂದೆ ಹೇಳುತ್ತಿದ್ದೇನೆ ಎಂಬ ಚೀಟಿ ಅದರ ತಲೆಯ ಮೇಲೆ ಇದ್ದೇ ಇರುತ್ತದೆ. ಆದ್ದರಿಂದ ಮೊದಲೇ ಒಂದು ಮಾತು: ನಿಮ್ಮ ಹೆಸರು ಮಲ್ಲಪ್ಪ, ಊರು ತಿಕೋಟಾ, ಮೋಟಾರ್ ವೈಂಡಿಂಗ್ ಅಂಗಡಿ ನಿಮ್ಮದಾಗಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯಿತು. ನಮಸ್ಕಾರ.

ಮಲ್ಲಪ್ಪ ಗಂಗವ್ವತ್ತೆಯ ಮಗ. ಅತ್ತೆಗೆ ಮೊಣಕಾಲಿನ ಆಪರೇಶನ್ ಆಯಿತು. ತಿಕೋಟಾ ಮನೆಯ ಮೆಟ್ಟಿಲು ಎತ್ತರ, ಅದಕ್ಕೆ ಬಬಲೇಶ್ವರದಲ್ಲಿರುವ ಮಗಳು ಶಾಂತಾಳ ಮನೆಗೆ ಹೋದಳು. ಹೋಗುವಾಗ ಮಗನಿಗೆ ಹೇಳಿದ್ದು ಒಂದೇ ಮಾತು: "ಚಂದ್ರೀನ ನೋಡ್ಕೋ." ಚಂದ್ರಿ ಅವಳ ಎಮ್ಮೆ. ಹಣೆಯ ಮೇಲೆ ಬಿಳಿ ಮಚ್ಚೆ ಇತ್ತು ಎಂದು ನನ್ನ ನೆನಪು, ಇರಲಿಲ್ಲ ಎಂದು ಶಾಂತಾಳ ನೆನಪು. ಮೋಟಾರಿಗೆ ತಂತಿ ಸುತ್ತುವ ಕೈಯಿಂದ ಕೆಚ್ಚಲು ಹಿಡಿಸಿಕೊಳ್ಳಲು ಚಂದ್ರಿ ಒಪ್ಪಲಿಲ್ಲ, ಒದ್ದಳು. ಅಷ್ಟರಲ್ಲಿ ಬಿಜ್ಜರಗಿಯ ಒಬ್ಬ ರೈತ ತಾನಾಗಿ ಬಂದು ಕೇಳಿದ. ಮಲ್ಲಪ್ಪ ಕೊಟ್ಟುಬಿಟ್ಟ. ಆಮೇಲೆ ನನ್ನ ಮುಂದೆ ಬಂದು ಕೂತು, "ಅವ್ವಗ ಗೊತ್ತಾದ್ರ ನನ್ನ ಕೈಯಾನ ನೀರೂ ಮುಟ್ಟಂಗಿಲ್ಲೋ" ಎಂದ.

ಅಂದಿನಿಂದ ಪ್ರತಿ ಭಾನುವಾರ ಅಥಣಿ ರಸ್ತೆಯಲ್ಲಿ ಪ್ಯಾಕೆಟ್ ಹಾಲು ಕೊಂಡು, ಸ್ಟೀಲಿನ ಕ್ಯಾನಿಗೆ ಸುರಿದು, ಚಂದ್ರಿಯ ಹಾಲೆಂದು ಬಬಲೇಶ್ವರಕ್ಕೆ ಒಯ್ಯತೊಡಗಿದ. ಯಾರು ಎಲ್ಲಿ ಏನು ಹೇಳಬೇಕೆಂಬ ಗೊಂದಲ ಶುರುವಾದಾಗ ನನ್ನ ವಿದ್ಯೆ ಜಾಗೃತವಾಯಿತು. ಒಂದು ಹಾಳೆಯಲ್ಲಿ ಟೈಪ್ ಮಾಡಿದೆ: ತಿಕೋಟಾದಲ್ಲಿದ್ದರೆ, ಚಂದ್ರಿ ಮಾರಾಟವಾಗಿದೆ. ಬಬಲೇಶ್ವರದಲ್ಲಿದ್ದರೆ, ಚಂದ್ರಿ ಎರಡೂ ಹೊತ್ತು ಸೇರಿ ಆರು ಲೀಟರ್ ಕೊಡುತ್ತಿದ್ದಾಳೆ. ಜಲನಗರದಲ್ಲಿದ್ದರೆ, ಫೋನಿನಲ್ಲಿ ಎಮ್ಮೆಯ ಮಾತು ಬಂದ ಕೂಡಲೇ ಸಿಗ್ನಲ್ ಹೋಗುತ್ತದೆ.

ಗುಟ್ಟು ಗೊತ್ತಿದ್ದ ಶಾಂತಾಳಿಗೆ ಬಬಲೇಶ್ವರದ ಸಾಲಷ್ಟೇ ಕತ್ತರಿಸಿ ಕಳಿಸಬೇಕಿತ್ತು. ಇಲ್ಲಿ ಲೈಬ್ರರಿಯ ಇನ್ನೊಂದು ವಿಚಿತ್ರ ಹೇಳಬೇಕು. ಅದರ ಕೈಪಿಡಿ ತಯಾರಿಸುವಾಗ ಮಾತ್ರ ಎಲ್ಲ ಯಂತ್ರಗಳ ಸಾಲುಗಳನ್ನೂ ಒಟ್ಟಿಗೆ ತೋರಿಸಲು ಬೇರೆಯೇ ಒಂದು ಷರತ್ತು ಇದೆ. ಆ ಕೈಪಿಡಿಯಲ್ಲಿರುವಂಥ ಕಂಪ್ಯೂಟರ್ ಲೋಕದಲ್ಲಿ ಎಲ್ಲೂ ಇಲ್ಲ. ನಾನು ಕ್ಯಾನಿನ ಚೀಲದಲ್ಲಿ ಇಟ್ಟದ್ದು ಕೈಪಿಡಿ, ಅಂದರೆ ಇಡೀ ಹಾಳೆ. ಶಾಂತಾ ಗಿರಣಿಗೆ ಹೋಗಿದ್ದಳು. ಮಲ್ಲಪ್ಪ ಚೀಲ ಕೊಟ್ಟು ತಿರುಗಿದ ಮೇಲೆ ಅದನ್ನು ಬಿಚ್ಚಿದವಳು ಅತ್ತೆ.

ಬಂದು ಹೋಗು ಎಂದು ಅತ್ತೆಯ ಫೋನ್ ಬಂತು. ಅದು ಮಂಗಳವಾರ ಎಂದು ಬರೆಯಹೊರಟಿದ್ದೆ. ಮಂಗಳವಾರ ಎಂದರೆ ಘಟನೆಗೆ ತೂಕ ಬರುತ್ತದೆ, ಅದಕ್ಕಾಗಿಯೇ ನಂಬಬೇಡಿ. ಹಾಳೆ ಅತ್ತೆಯ ತೊಡೆಯ ಮೇಲಿತ್ತು, ಚಾಳೀಸು ಮೂಗಿನ ಮೇಲೆ.

"ಬಾ ತುಕ್ಕಿನ ಸಾಹೇಬ, ಕೂಡು. ಆರು ಲೀಟರ್ ಅಂತ ಬರದೀಯಲ್ಲ, ಎಣಿಸಿ ಬರದೀಯೋ, ಕನಸು ಬಿದ್ದಿತ್ತೋ?"

ನಾನು ಚಾಪೆಯ ತುದಿಗೆ ಕೂತೆ.

"ನಾ ಇಲ್ಲಿಗೆ ಬರೂಮುಂದ ಚಂದ್ರಿ ಐದು ತಿಂಗಳ ಗಬ್ಬ. ಮ್ಯಾಲ ನಾಕು ತಿಂಗಳಾತು. ಹೊಟ್ಯಾಗ ಕರ ಹೊಳ್ಯಾಡಾಕತ್ತಾಗ ಯಾವ ಎಮ್ಮಿ ಹಾಲು ಕೊಡತೈತಿ ಲೇ? ನಿನ್ನ ಕಂಪ್ಯೂಟರ್ ಹಿಂಡಿದ್ರೇನು?"

ಅರ್ಥ ತಪಾಸಣೆಯಾಗದ ಸಾಲು ಎಂದರೆ ಇದು. ನಾಲ್ಕು ತಿಂಗಳು ನಾವೆಲ್ಲ ಕಂಸ ಮುಚ್ಚಿದೆಯೇ ಎಂದಷ್ಟೇ ನೋಡಿಕೊಂಡಿದ್ದೆವು.

"ಅತ್ತಿ, ಮಲ್ಲಪ್ಪನ ಮ್ಯಾಲ ಸಿಟ್ಟಾಗಬ್ಯಾಡ" ಎಂದೆ.

"ಸಿಟ್ಟ್ಯಾಕೋ? ಬಿಜ್ಜರಗಿಯಾಂವನ್ನ ಕಳಿಸಿದಾಕಿ ನಾನ. ಈ ಕಾಲು ಕಟಗೊಂಡು ಇನ್ನ ಹಿಂಡೂದು ಆಗಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ನಾ ಮಾರು ಅಂದಿದ್ರ ಆಂವ 'ಅವ್ವನ ಎಮ್ಮಿ' ಅಂತ ಹಠಾ ಹಿಡದು ದಿನಾ ಒದಿಸ್ಕೊಂತಿದ್ದ. ಅದಕ್ಕ ಫೋನ್ ಮಾಡಿ ಕಳಿಸಿದೆ."

"ಹಂಗಾರ ಮಲ್ಲಪ್ಪಗ ಹೇಳಿಬಿಡ್ತೀನಿ. ಪಾಪ, ಒದ್ದಾಡಾಕತ್ತಾನ."

ಅತ್ತೆ ಚಾಳೀಸು ತೆಗೆದಳು. "ಬಾಯಿ ಮುಚ್ಚು. ತಪ್ಪು ಮಾಡೇನಿ ಅಂತ ಐತಾರಕ್ಕೊಮ್ಮೆ ಓಡಿ ಬರ್ತಾನ. ತಪ್ಪಿಲ್ಲ ಅಂತ ಗೊತ್ತಾತು ಅಂದ್ರ ಅಮಾಸಿಗೊಮ್ಮೆ ಬರ್ತಾನ. ನಿನ್ನ ಹಾಳ್ಯಾಗ ಇದನ್ನೊಂದು ಬರಕೋ."

ಬರೆದುಕೊಂಡೆ: ಮಲ್ಲಪ್ಪ ಇದ್ದರೆ, ಅತ್ತೆಗೆ ಏನೂ ಗೊತ್ತಿಲ್ಲ.

ಕೆಲವು ವಾರಗಳ ಮೇಲೆ ಮಲ್ಲಪ್ಪನ ಫೋನು. ಅವ್ವ ಲೆಕ್ಕ ಹಾಕಿದ್ದಾಳೆ, ಚಂದ್ರಿ ಕರು ಹಾಕಿರಬೇಕು, ಬರುವ ಭಾನುವಾರ ಗಿಣ್ಣದ ಹಾಲು ಬೇಕಂತೆ. ಕರು ಹಾಕಿದ ಮೊದಲ ದಿನಗಳ ಆ ದಪ್ಪ ಹಾಲು ಯಾವ ಪ್ಯಾಕೆಟ್ಟಿನಲ್ಲೂ ಬರುವುದಿಲ್ಲ. "ಅಥಣಿ ರಸ್ತೇದಾಗ ಕೇಳಿದ್ರ ನಗ್ಯಾಡಾಕತ್ತಾರೋ. ಎಲ್ಲಿಂದ ತರ್ಲಿ?"

"ಬಿಜ್ಜರಗಿಯೊಳಗ ಕೇಳಿ ನೋಡು" ಎಂದೆ. ಸಿಗ್ನಲ್ ಹೋಯಿತು.

ಹೋದನಂತೆ. ಚಂದ್ರಿ ಹಿಂದಿನ ದಿನವೇ ಕರು ಹಾಕಿದ್ದಳಂತೆ. ಆ ಭಾನುವಾರ ಶಾಂತಾ ಗಿಣ್ಣ ಮಾಡಿ ಬೆಲ್ಲ ಏಲಕ್ಕಿ ಹಾಕಿದಳು. ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡು, "ಇದು ನಮ್ಮ ಚಂದ್ರೀದ ಹೌದಲ್ಲೋ?" ಎಂದು ಕೇಳಿದಳಂತೆ. ಇಷ್ಟು ತಿಂಗಳು ಸರಾಗವಾಗಿ ಸುಳ್ಳು ಹೇಳಿದ್ದ ಮಲ್ಲಪ್ಪ, ಮೊದಲ ಸಲ ನಿಜ ಹೇಳಬೇಕಾಗಿ ಬಂದಾಗ, "ಹೌ... ಹೌದವ್ವ" ಎಂದು ತೊದಲಿದನಂತೆ.