ಅಮ್ಮಚ್ಚಿಯ ಹೌಸ್ ರೂಲ್

ನನ್ನ ಫೋರ್ಕ್ ಪ್ಲೇಟಿಗೆ ತಾಗಿ ಟಕಟಕ ಅನ್ನತೊಡಗಿತು. ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಕೈ ನಡುಗಲು ಶುರುವಾದ ಮೇಲೆ ನಾನು ಹೊರಗೆ ಊಟ ಮಾಡುವುದನ್ನೇ ಬಿಟ್ಟಿದ್ದೆ. ಮೊಮ್ಮಗಳ ಬರ್ತ್‌ಡೇ ಅಂತ ಫೋರ್ಟ್ ಕೊಚ್ಚಿಯ ಆ ಹಳೇ ಬಂಗಲೆಗೆ ಹೋಗಿದ್ದೆವು. ಮನೆಯವರೇ ಹಾಲ್‌ನಲ್ಲಿ ನಡೆಸುವ ರೆಸ್ಟೊರೆಂಟ್ ಅದು.

"ಐ ಆಮ್ ನಾಟ್ ಹಂಗ್ರಿ," ಎಂದು ಫೋರ್ಕ್ ಕೆಳಗಿಟ್ಟೆ.

ಆಗ ಮನೆಯ ಯಜಮಾನಿ, ನನ್ನದೇ ವಯಸ್ಸಿನ ಅಮ್ಮಚ್ಚಿ, ಮೊಸರನ್ನ ಕಲಸಿದ ಬೋಗುಣಿ ಹಿಡಿದು ಬಂದರು. "ನಮ್ಮ ಹೌಸ್ ರೂಲ್ ಮೋಳೇ, ಬರ್ತ್‌ಡೇ ದಿನ ಎಲ್ಲಾರ್ಕುಂ ಉರುಳ! ನೋ ಫೋರ್ಕ್!" ಮೋಳೇ ಅಂದರೆ ಮಗಳೇ, ಉರುಳ ಅಂದರೆ ನಮ್ಮ ಕೈತುತ್ತು. ಮೊಮ್ಮಗಳಿಗೆ, ಅಳಿಯನಿಗೆ, ಮಗಳಿಗೆ ಒಂದೊಂದು ಉಂಡೆ ಕೊಟ್ಟು ನನ್ನ ಮುಂದೆ ಬಂದರು. ನಡುಗುವ ಅಂಗೈ ಚಾಚಿದೆ. ಅದರಲ್ಲಿಟ್ಟ ಉಂಡೆ ಕೆಳಗೆ ಬೀಳಲಿಲ್ಲ.

"ಅಜ್ಜೀ, ವೇರ್ ಆರ್ ಯುವರ್ ಟೇಬಲ್ ಮ್ಯಾನರ್ಸ್?" ಮೊಮ್ಮಗಳು ಛೇಡಿಸಿದಳು. ನಾನು ಆರನೆಯ ತುತ್ತಿಗೆ ಕೈಯೊಡ್ಡಿದ್ದೆ.

ಹೊರಡುವಾಗ ಕಂಡಿತು, ಮೂಲೆಯ ಟೇಬಲಿನಲ್ಲೂ ಬರ್ತ್‌ಡೇ ಕೇಕ್ ಇತ್ತು. ಅಲ್ಲಿ ಎಲ್ಲರೂ ಫೋರ್ಕ್ ಹಿಡಿದೇ ಊಟ ಮಾಡುತ್ತಿದ್ದರು.

ಇಂಥ ಸುಳ್ಳಿಗೆ ಥ್ಯಾಂಕ್ಯೂ ಹೇಳುವುದು ಹೇಗೆಂದು ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿರಲಿಲ್ಲ. ಅಮ್ಮಚ್ಚಿಯ ಕೈಯನ್ನು ನನ್ನೆರಡೂ ಕೈಗಳಲ್ಲಿ ಹಿಡಿದುಕೊಂಡೆ. ಆಮೇಲೆ ನಾನು ಯಾವ ಊಟದ ಕರೆಯನ್ನೂ ತಪ್ಪಿಸಿಲ್ಲ.