ಶೈಲಾ ಅಕ್ಕೋರು, ಸಕ್ರಿ ಮತ್ತು ಕುಂದಗೋಳದ ಕೈಗಳು

ಈ ಅಭಿನಂದನ ಗ್ರಂಥದಲ್ಲಿ ಬರೆಯುವಷ್ಟು ಯೋಗ್ಯತೆ ನನಗಿಲ್ಲ. ಅದನ್ನು ಮೊದಲೇ ಹೇಳಿ ಓದುಗರ ಕ್ಷಮೆ ಕೇಳುತ್ತೇನೆ. ನಾನು ಶಾಲೆಯ ಗುಮಾಸ್ತ. ಹಗಲು ಕಚೇರಿ ಕೆಲಸ ಮುಗಿಸಿ, ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿಕೊಂಡವನು. ಹಾಜರಿ ಪ್ರಮಾಣಪತ್ರ, ವರ್ಗಾವಣೆ ಪತ್ರಗಳನ್ನು ಬಿಟ್ಟರೆ ನನ್ನ ಬರಹ ಯಾರ ಮುಂದೆಯೂ ಹೋಗಿಲ್ಲ. ಇದೆಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ, ನನಗೆ ನಾಯಿ ಕಂಡರೆ ಭಯ. ಗ್ರಂಥದ ಸಂಪಾದಕರೂ ನಮ್ಮ ಮುಖ್ಯಾಧ್ಯಾಪಕರೂ ಆದ ಮಡಿವಾಳೆಪ್ಪ ಸರ್ ಅವರಿಗೆ ಇದನ್ನೆಲ್ಲ ತಿಳಿಸಿ, ಬೇರೆ ಯಾರಿಂದಲಾದರೂ ಬರೆಸಬೇಕೆಂದು ಬೇಡಿಕೊಂಡೆ. ಅವರು ಕನ್ನಡಕದ ಮೇಲಿಂದ ನೋಡಿ, "ಆವತ್ತ ಅಕ್ಕೋರ ಬಾಜೂಕ ನಿಂತಾಂವ ನೀನು. ಮತ್ಯಾರು ಬರೀಬೇಕೋ?" ಎಂದರು. ಆ ರಾತ್ರಿಯೇ ಬರೆಯಲು ಕುಳಿತೆ.

ನಾಯಿಗೆ ಶಿಸ್ತು ಕಲಿಸಿ ವಿಧೇಯತೆಯ ಸ್ಪರ್ಧೆಗೆ ಇಳಿಸುವುದು ದೊಡ್ಡ ಊರಿನ, ದೊಡ್ಡ ಬಂಗಲೆಯವರ ವಿದ್ಯೆಯೆಂದೇ ನಮ್ಮ ಭಾಗದವರು ತಿಳಿದಿದ್ದರು. ಸಂಗೀತಕ್ಕೆ ತಕ್ಕಂತೆ ನಾಯಿಯೊಡನೆ ಹೆಜ್ಜೆ ಹಾಕುವ ನೃತ್ಯವನ್ನಂತೂ ಪರದೇಶದವರು ಮಾಡುವುದನ್ನು ಮೊಬೈಲಿನಲ್ಲಿ ನೋಡಿ ನಕ್ಕು ಬಿಟ್ಟವರೇ ಹೆಚ್ಚು. ಈ ಎರಡನ್ನೂ ಕುಂದಗೋಳದ ಒಂದು ಪ್ರೌಢಶಾಲೆಯ ಖೋಖೋ ಅಂಗಳಕ್ಕೆ ತಂದು, ಎರೆಮಣ್ಣಿನಲ್ಲಿ ಬೇರೂರಿಸಿ, ಹುಬ್ಬಳ್ಳಿ, ಬೆಳಗಾವಿಗಳ ನಾಯಿಪ್ರಿಯರು ಹುಡುಕಿಕೊಂಡು ಬರುವಂತೆ ಮಾಡಿದವರು ದೈಹಿಕ ಶಿಕ್ಷಕಿ ಶ್ರೀಮತಿ ಶೈಲಾ ಹಂಚಿನಾಳ ಅವರು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತ ಬಂದವನಾದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಈ ವರ್ಷ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಅಕ್ಕೋರು ನವಲಗುಂದ ತಾಲ್ಲೂಕಿನ ತಿರ್ಲಾಪುರದವರು. ಹತ್ತಿಯ ಹೊಲ ಕಾಯುವ ನಾಯಿಗಳ ನಡುವೆ ಬೆಳೆದವರು. ನಮ್ಮ ಶಾಲೆಗೆ ಬಂದಾಗ ಅಂಗಳದಲ್ಲಿ ಬೀದಿನಾಯಿಗಳ ಒಂದು ದಂಡೇ ಇತ್ತು. ಬಿಸಿಯೂಟದ ಹೊತ್ತಿಗೆ ಅವು ನುಗ್ಗಿ ಮಕ್ಕಳ ತಟ್ಟೆಗೆ ಬಾಯಿ ಹಾಕುತ್ತಿದ್ದವು. ಅವನ್ನು ಹಿಡಿಸಿ ಊರಾಚೆ ಬಿಡಿಸಬೇಕೆಂದು ಪಾಲಕರು ಒತ್ತಾಯ ಮಾಡಿದರು. ಅಕ್ಕೋರು ಒಂದು ತಿಂಗಳು ಸಮಯ ಕೇಳಿದರು. ಸೊಂಟದ ಚೀಲದಲ್ಲಿ ಒಣಗಿ ಗರಿಯಾದ ಕಟಕ ರೊಟ್ಟಿಯ ಚೂರುಗಳನ್ನು ತುಂಬಿಕೊಂಡು, ಬೆಳಿಗ್ಗೆ ಪ್ರಾರ್ಥನೆಗಿಂತ ಮೊದಲೇ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ಒದರುತ್ತಿರಲಿಲ್ಲ, ಕೋಲು ಎತ್ತುತ್ತಿರಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಆ ನಾಯಿಗಳೆಲ್ಲ ಬೇವಿನ ಗಿಡದ ಕೆಳಗೆ ಸಾಲಾಗಿ ಕುಳಿತು, ಮಕ್ಕಳ ಊಟ ಮುಗಿದು ಅಕ್ಕೋರ ಸೀಟಿ ಕೇಳುವವರೆಗೆ ಕದಲದೆ ಕಾಯುತ್ತಿದ್ದವು. ಕಚೇರಿಯ ಕಿಟಕಿಯಿಂದ ಅದನ್ನು ನೋಡಿದ ದಿನ ಎದುರಿಗಿದ್ದ ಕಾಗದಗಳನ್ನು ಮರೆತು ನಿಂತಿದ್ದೆ.

ಆ ಸಾಲಿನ ಕೊನೆಗೆ ಕೂರುತ್ತಿದ್ದ ಬಿಳಿ ಹೆಣ್ಣುಮರಿಯೇ ಸಕ್ರಿ. ಅದನ್ನು ಅಕ್ಕೋರು ಮನೆಗೆ ಒಯ್ದರು.

ನಾನು ಆ ವರ್ಷ ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ನಪಾಸಾಗಿದ್ದೆ. ಯಾರ ಮುಖವನ್ನೂ ನೋಡಲಾಗದೆ, ಊಟದ ಬಿಡುವಿನಲ್ಲಿಯೂ ಕಚೇರಿಯೊಳಗೇ ಕೂರುತ್ತಿದ್ದೆ. ಒಂದು ದಿನ ಅಕ್ಕೋರು ಬಾಗಿಲಿಗೆ ಬಂದು, "ಸುಭಾಸರ, ದಿನಾ ಸಂಜಿಕಡೆ ರೈಲಿಗೆ ಹೋಗೂಕಿಂತ ಮೊದಲ ಸ್ವಲ್ಪ ಹೊತ್ತು ಅಂಗಳದಾಗ ಬಂದು ನಿಂದರ್ರಿ," ಎಂದರು.

"ನಂಗ ನಾಯಿ ಅಂದ್ರ ಅಂಜಿಕಿ ರೀ ಅಕ್ಕೋರ."

"ಅದಕ್ಕ ಕರ್‍ಯಾಕತ್ತೀನ್ರಿ. ಸ್ಪರ್ಧೆದಾಗ ಅಂಜೂ ಮಂದಿ ಭಾಳ ಇರ್ತಾರ. ಅಂಥವರ ಮುಂದ ಸುಮ್ಮನ ಕುಂದ್ರೂದು ಸಕ್ರಿ ಕಲೀಬೇಕು. ನಿಮ್ಮಷ್ಟು ಚೊಲೋ ಅಂಜಾವ್ರು ಈ ಊರಾಗ ಮತ್ತ್ಯಾರೂ ಸಿಗವಲ್ರು."

ನನ್ನ ಕೊರತೆಯನ್ನು ಒಂದು ಉದ್ಯೋಗವನ್ನಾಗಿ ಮಾಡಿ ನನ್ನ ಕೈಗೆ ಕೊಟ್ಟವರು ಅವರೊಬ್ಬರೇ. ನಾನು ಅಂಜುತ್ತ ನಿಂತೆ, ಸಕ್ರಿ ಕಲಿಯಿತು. ಮುಂದಿನ ವರ್ಷ ನಾನೂ ಪಾಸಾದೆ. ಈ ಎರಡಕ್ಕೂ ಸಂಬಂಧವಿದೆಯೆಂದು ಹೇಳುವ ಧೈರ್ಯ ನನಗಿಲ್ಲ, ಇಲ್ಲವೆಂದು ಹೇಳುವುದೂ ಕೃತಘ್ನತೆಯಾದೀತು.

ಬೆಳಗಾವಿಯ ವಿಧೇಯತಾ ಸ್ಪರ್ಧೆಗೆ ಹೋದಾಗ ಸಕ್ರಿಯ ಸುತ್ತ ಇದ್ದವೆಲ್ಲ ಜಾತಿನಾಯಿಗಳು. ಪಕ್ಕದಲ್ಲಿ ನಿಂತಿದ್ದ ಒಬ್ಬ ಗೃಹಸ್ಥರು ಸಕ್ರಿಯನ್ನು ಬಾಲದಿಂದ ಮೂತಿಯವರೆಗೆ ನೋಡಿ, "ಇದ್ಯಾವ ಜಾತಿ ರೀ ಬಾಯಾರ?" ಎಂದು ಕೇಳಿದರು. ಅಕ್ಕೋರು, "ಕುಂದಗೋಳ ಪ್ಯಾಸೆಂಜರ್ ರೀ," ಎಂದರು. ಆಮೇಲೆ ಒಡೆಯರು ನಾಯಿಯನ್ನು ಕೂಡಿಸಿ ಪರದೆಯ ಹಿಂದೆ ಮರೆಯಾಗುವ ಪರೀಕ್ಷೆ ಬಂತು. ಒಂದೊಂದೇ ನಾಯಿ ಎದ್ದು ಒಡೆಯರನ್ನು ಹುಡುಕಿಕೊಂಡು ಹೋಯಿತು. ಸಕ್ರಿ ಮಾತ್ರ ಪರದೆಯನ್ನೇ ನೋಡುತ್ತ ಕುಳಿತೇ ಇತ್ತು. ಮುಗಿದ ಮೇಲೆ ಆ ಗೃಹಸ್ಥರೇ ಬಂದು ಅಕ್ಕೋರಿಗೆ ಕೈಮುಗಿದರು.

ನೃತ್ಯ ಆರಂಭವಾದದ್ದು ಹಸನಸಾಬರಿಂದ. ರೈಲು ನಿಲ್ದಾಣದ ಹತ್ತಿರ ತಬಲಾ ದುರಸ್ತಿಯ ಅಂಗಡಿ ಇಟ್ಟುಕೊಂಡಿರುವ ಈ ಹಿರಿಯರು ಸಂಜೆ ಕಟ್ಟೆಯ ಮೇಲೆ ತಬಲಾ ನುಡಿಸುತ್ತಾರೆ, ಊರಿನ ನಾಲ್ಕು ಮಂದಿ ಕೇಳಲು ಕೂರುತ್ತಾರೆ. ತಾಳ ಒಂದು ಸುತ್ತು ತಿರುಗಿ ಮೊದಲ ಪೆಟ್ಟಿಗೆ ಬಂದು ಸೇರುವ ಜಾಗಕ್ಕೆ ಸಮ್ ಎನ್ನುತ್ತಾರೆ. ಆ ಸಮ್ ಸರಿಯಾಗಿ ಬಿದ್ದಾಗ ಕೇಳುವವನ ಕೈ ತಾನಾಗಿಯೇ ಮೇಲೇಳುವುದು ನಮ್ಮ ಊರಿನ ರೂಢಿ. ಸಂಗೀತ ಕಲಿಯದ ನಾನೂ ಎತ್ತುತ್ತೇನೆ. ಒಂದು ಸಂಜೆ ಅಂಗಡಿಯ ಮುಂದೆ ಹಾಯ್ದು ಹೋಗುವಾಗ ಸಕ್ರಿ ತಬಲಾ ಕೇಳಿ ನಿಂತು ಸುತ್ತು ತಿರುಗಿತಂತೆ. ಅಂದಿನಿಂದ ಅಕ್ಕೋರು ಹೆಜ್ಜೆ ಕಟ್ಟತೊಡಗಿದರು. ಕಾಲುಗಳ ನಡುವೆ ನುಸುಳುವುದು, ಹಿಂದಕ್ಕೆ ನಡೆಯುವುದು, ಹಿಂಗಾಲ ಮೇಲೆ ಎದ್ದು ತಿರುಗುವುದು, ಕೊನೆಗೆ ಸಮ್‌ಗೆ ಸರಿಯಾಗಿ ಕುಳಿತುಕೊಳ್ಳುವುದು. ಹಾರ್ಮೋನಿಯಂ ಧಾಟಿಗೆ ಹಸನಸಾಬರ ತಬಲಾ ಕೂಡಿಸಿ ನನ್ನ ಮೊಬೈಲಿನಲ್ಲಿ ಮುದ್ರಿಸಿಕೊಂಡೆವು. ಗುಂಡಿ ಒತ್ತುವ ಕೆಲಸ ನನ್ನದಾಯಿತು. ಅಷ್ಟು ಸಣ್ಣ ಕೆಲಸಕ್ಕೂ ನಾನು ಅಂಜುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕೋರು ಸೀಟಿ ಊದಿದರು. ಮಕ್ಕಳು ಸಾಲಾದರು. ಸಕ್ರಿ ಮುಖ ತಿರುಗಿಸಲಿಲ್ಲ. ಅಕ್ಕೋರು ಅದರ ಹಿಂದೆ ಹೋಗಿ ಚಪ್ಪಾಳೆ ತಟ್ಟಿದರು. ಆಗಲೂ ತಿರುಗಲಿಲ್ಲ. ಧಾರವಾಡದ ಪಶುವೈದ್ಯರು ಪರೀಕ್ಷಿಸಿ, ವಯಸ್ಸಿನ ಕಿವುಡು, ಮರಳಿ ಬರುವುದಿಲ್ಲ ಎಂದರು.

ಎಲ್ಲರೂ ಒಂದೇ ಮಾತು ಹೇಳಿದರು: ಸಕ್ರಿಯನ್ನು ಇನ್ನು ಸುಮ್ಮನೆ ಬಿಡಿ, ಎಳೆಯ ನಾಯಿಯೊಂದನ್ನು ತಯಾರು ಮಾಡಿ. ಅಕ್ಕೋರೂ ಹಾಗೆಯೇ ಮಾಡಿ ನೋಡಿದರು. ಆದರೆ ಎಳೆಯ ನಾಯಿಯನ್ನು ಅಂಗಳಕ್ಕೆ ಇಳಿಸಿದಾಗಲೆಲ್ಲ ಸಕ್ರಿ ಮನೆಯ ಗೂಟದಿಂದ ಸ್ಪರ್ಧೆಗೆ ಹೋಗುವಾಗ ತನ್ನ ಕೊರಳಿಗೆ ಕಟ್ಟುತ್ತಿದ್ದ ಕೆಂಪು ರುಮಾಲನ್ನು ಬಾಯಲ್ಲಿ ಕಚ್ಚಿ ತಂದು, ಗೆರೆಯ ಆಚೆ ಕೂರುತ್ತಿತ್ತು. ಮನೆಗೆ ಹೋದರೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಅಕ್ಕೋರು ಒಂದು ವಾರ ಇದನ್ನು ಸಹಿಸಿ, ಕೊನೆಗೆ ನನ್ನ ಹತ್ತಿರ ಹೇಳಿದರು: "ಆಕಿ ಕಿವಿ ಹೋಗ್ಯಾವ್ರಿ. ಕೆಲಸ ಹೋಗಿಲ್ಲ."

ಆ ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ನೃತ್ಯಸ್ಪರ್ಧೆ ಇತ್ತು. ಅಕ್ಕೋರು ಸಕ್ರಿಯ ಹೆಸರನ್ನೇ ಕೊಟ್ಟರು. ಆದರೆ ಕಣದಲ್ಲಿ ಸಕ್ರಿ ಒಮ್ಮೆ ಗಾಬರಿಯಾದರೂ ಮತ್ತೆಂದೂ ಇಳಿಸುವುದಿಲ್ಲ, ನನ್ನ ಹಟಕ್ಕೆ ಮೂಕಪ್ರಾಣಿಯನ್ನು ದಣಿಸಲಾರೆ ಎಂದೂ ಖಂಡಿತವಾಗಿ ಹೇಳಿದರು. ಕಲಿಸಿದ್ದನ್ನೆಲ್ಲ ಮತ್ತೊಮ್ಮೆ, ಈ ಸಲ ಕೈಸನ್ನೆಯಿಂದ ಕಲಿಸಿದರು. ಬೆರಳು ತಿರುಗಿಸಿದರೆ ಸುತ್ತು, ಅಂಗೈ ಮುಂದೆ ಚಾಚಿದರೆ ಹಿಂದಕ್ಕೆ ನಡಿಗೆ, ಕೈ ಮೇಲೆತ್ತಿದರೆ ಕುಳಿತುಕೊಳ್ಳುವುದು.

ತಪ್ಪು ಎಲ್ಲಿದೆಯೆಂದು ಓದುಗರಿಗೆ ಈಗಾಗಲೇ ಹೊಳೆದಿರಬಹುದು. ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಊರವರ ಮುಂದೆ ಒಮ್ಮೆ ಮಾಡಿ ನೋಡೋಣವೆಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟೆವು. ಹಸನಸಾಬರೇ ತಬಲಾಕ್ಕೆ ಕುಳಿತರು. ಮೊದಲ ಸಮ್ ಬಿತ್ತು. ಸಭಾಂಗಣದ ತುಂಬ ಕೈಗಳು ಎದ್ದವು. ನಡುಸುತ್ತಿನಲ್ಲಿದ್ದ ಸಕ್ರಿ ಥಟ್ಟನೆ ಕುಳಿತುಬಿಟ್ಟಿತು. ಇದು ನೃತ್ಯದ ಭಾಗವೇ ಎಂದುಕೊಂಡ ಜನ ಹಿಗ್ಗಿ, ಮುಂದಿನ ಸಮ್‌ಗೆ ಇನ್ನೂ ಎತ್ತರಕ್ಕೆ ಕೈ ಎತ್ತಿದರು. ಸಕ್ರಿ ಎದ್ದದ್ದು ಮತ್ತೆ ಕುಳಿತಿತು. ಎಡಗಡೆಯವರ ಕೈ ಕಂಡು ಅವರ ಮುಂದೆ, ಬಲಗಡೆಯವರ ಕೈ ಕಂಡು ಇವರ ಮುಂದೆ ಓಡಿ ಓಡಿ ಕುಳಿತುಕೊಂಡಿತು. ಹೊಗಳಿದಷ್ಟೂ ಅದರ ಗಾಬರಿ ಹೆಚ್ಚುತ್ತಿತ್ತು. ಕೊನೆಗೆ ನಡುವೆ ಮಲಗಿ, ನಾಲಿಗೆ ಚಾಚಿ ಏದುಸಿರು ಬಿಡುತ್ತ ಅಕ್ಕೋರ ಮುಖ ನೋಡಿತು. ಅಕ್ಕೋರು ಅದನ್ನು ಎತ್ತಿಕೊಂಡು ಹೊರಗೆ ಹೋದರು. ಜನ ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮರುದಿನ ಹಸನಸಾಬರ ಅಂಗಡಿಯ ಕಟ್ಟೆಯ ಮೇಲೆ ಸೇರಿದೆವು. ಎಲ್ಲ ಮುಗಿಯಿತೆಂದೇ ನಾನು ಅಂದುಕೊಂಡಿದ್ದೆ. ಹುಬ್ಬಳ್ಳಿಗೆ ಬರುವ ನಮ್ಮ ಊರವರಿಗೆ ಕೈ ಎತ್ತಬೇಡಿರೆಂದು ಹೇಳಿದರಾಯಿತಲ್ಲ ಎಂದು ಸೂಚಿಸಿದೆ.

ಹಸನಸಾಬರು ನಕ್ಕರು. "ಯಾರ ಕೈ ಕಟ್ಟತೀಪಾ ನೀನು? ನಮ್ಮ ಮಂದಿ ಊಟಾ ಬಿಡಂದ್ರ ಬಿಡತಾರ, ಸಮ್‌ಗೆ ಕೈ ಎತ್ತೂದು ಬಿಡೂದಿಲ್ಲ."

"ಬಿಡೂದು ಬ್ಯಾಡ್ರಿ ಕಾಕಾ," ಎಂದರು ಅಕ್ಕೋರು. "ದಿನಾ ಸಂಜಿಕೆ ಮಂದೀನ ಕೂಡಸ್ರಿ. ಎಲ್ಲಾರೂ ಕೈ ಎತ್ತಲಿ. ಯಾವ ಕೈ ತನ್ನದು ಅನ್ನೂದು ಆಕಿಗೆ ತಿಳೀಬೇಕು."

"ಮಂದೀನ ಕೂಡಸೂದೇನ್ ದೊಡ್ಡ ಮಾತ್ರಿ. ಪುಕ್ಕಟ ತಬಲಾ, ಮ್ಯಾಲ ಚಾ ಅಂದ್ರ ಎರಡೂ ಕೈ ಎತ್ತತಾರ."

ಹಾಗೆಯೇ ನಡೆಯಿತು. ಮೊದಲು ಒಬ್ಬರ ಕೈ, ಆಮೇಲೆ ಮೂವರದು, ಆಮೇಲೆ ಇಡೀ ಕಟ್ಟೆಯದು. ತಪ್ಪಿ ಕುಳಿತಾಗ ಅಕ್ಕೋರು ಗದರಿಸಲಿಲ್ಲ. ಅದು ತಮ್ಮ ಕಡೆ ನೋಡುವವರೆಗೆ ಕಾಯ್ದು, ನೋಡಿದ ಕೂಡಲೆ ರೊಟ್ಟಿಯ ಚೂರು ಕೊಟ್ಟರು. ಅಷ್ಟು ತಾಳ್ಮೆಯನ್ನು ನಾನು ಮನುಷ್ಯರ ನಡುವೆಯೂ ಕಂಡಿಲ್ಲ. ಸ್ಪರ್ಧೆಗೆ ಕೆಲವೇ ದಿನ ಇರುವಾಗ, ಒಂದು ಸಂಜೆ ಕಟ್ಟೆಯ ಕೈಗಳೆಲ್ಲ ಒಟ್ಟಿಗೆ ಎದ್ದವು. ಸಕ್ರಿ ಅವುಗಳ ಕಡೆ ಒಮ್ಮೆ ನೋಡಿ, ಬಾಲ ಅಲ್ಲಾಡಿಸಿ, ತನ್ನ ಸುತ್ತನ್ನು ಮುಂದುವರಿಸಿತು. ಹಸನಸಾಬರು ನುಡಿಸುವುದನ್ನೇ ಬಿಟ್ಟು ಕುಳಿತರು.

ಸ್ಪರ್ಧೆಯ ದಿನ ಊರವರು ಬೆಳಗಿನ ರೈಲಿಗೆ ಬಂದು ಮೈದಾನದ ಹಗ್ಗದ ಹಿಂದೆ ಕುಳಿತರು. ನಾನು ಕಣದ ಅಂಚಿನಲ್ಲಿ, ಧ್ವನಿಪೆಟ್ಟಿಗೆಯ ಪಕ್ಕದಲ್ಲಿ ನಿಂತೆ. ಅಕ್ಕೋರು ತಲೆಯಲ್ಲಿ ಸನ್ನೆ ಮಾಡಿದರು, ಗುಂಡಿ ಒತ್ತಿದೆ. ಸಕ್ರಿ ನುಸುಳಿತು, ಹಿಂದಕ್ಕೆ ನಡೆಯಿತು. ಊರವರ ಕೈಗಳು ಎದ್ದವು, ಇಳಿದವು, ಅದು ನಡುವೆ ಕೂರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

ಆಗ ಕರೆಂಟು ಹೋಯಿತು. ಸಂಗೀತ ನಿಂತಿತು.

ನನ್ನ ಬೆರಳೇ ಎಲ್ಲಿಯೋ ತಾಗಿತೆಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ಅಕ್ಕೋರ ಹೆಜ್ಜೆ ಒಂದು ಕ್ಷಣ ತಡವರಿಸಿತು. ಆದರೆ ಸಕ್ರಿಯ ಮಟ್ಟಿಗೆ ಏನೂ ನಿಂತಿರಲಿಲ್ಲ. ಅದು ಹಿಂಗಾಲ ಮೇಲೆ ಎದ್ದು ತನ್ನ ಲಯದಲ್ಲಿ ತಿರುಗುತ್ತಲೇ ಇತ್ತು. ಅಕ್ಕೋರು ಅದನ್ನು ನೋಡಿದರು, ಮತ್ತು ಅದರ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿದರು. ಅಲ್ಲಿಯವರೆಗೆ ನಾಯಿ ಅವರನ್ನು ಹಿಂಬಾಲಿಸಿತ್ತು, ಅಲ್ಲಿಂದ ಮುಂದೆ ಅವರು ನಾಯಿಯನ್ನು ಹಿಂಬಾಲಿಸಿದರು. ಹಗ್ಗದ ಹಿಂದೆ ಹಸನಸಾಬರು ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಿಡಿದಿದ್ದರು.

ಕೊನೆಯ ಭಾಗದಲ್ಲಿ ಅಕ್ಕೋರು ಸಕ್ರಿಗೆ ಬೆನ್ನು ಮಾಡಿ, ಕೈಕಟ್ಟಿ, ಜನರ ಕಡೆ ನಡೆಯಬೇಕು. ಸಕ್ರಿ ಹಿಂದೆ ಸುತ್ತು ಹಾಕುತ್ತ ಬರಬೇಕು. ಅವರು ತಿರುಗಿ ಕೈ ಎತ್ತಿದಾಗ ಕುಳಿತುಕೊಳ್ಳಬೇಕು. ಅಕ್ಕೋರು ನಡೆದರು. ಇನ್ನೂ ತಿರುಗಿರಲಿಲ್ಲ. ಎದುರಿಗೆ ಕುಂದಗೋಳದ ಕೈಗಳೆಲ್ಲ ಒಮ್ಮೆಲೇ ಮೇಲೆದ್ದವು. ಆ ಕೈಗಳನ್ನು ಕಂಡು ಅಕ್ಕೋರು ತಿರುಗಿದರು. ಸಕ್ರಿ ಆಗಲೇ ಕುಳಿತಿತ್ತು.

ಸಂಗೀತ ನಿಂತದ್ದರಿಂದ ಮತ್ತೊಮ್ಮೆ ಮಾಡಬಹುದೆಂದು, ಮಾಡದಿದ್ದರೆ ಸ್ಥಾನ ಕೊಡಲಾಗದೆಂದು ನಿರ್ಣಾಯಕರು ಸೌಜನ್ಯದಿಂದಲೇ ಹೇಳಿದರು. ಅಕ್ಕೋರು ಸಕ್ರಿಯ ಕೊರಳಿನ ರುಮಾಲು ಬಿಚ್ಚುತ್ತ, "ಆಕಿ ಮಾಡಿ ಮುಗಿಸ್ಯಾಳ್ರಿ. ಮತ್ತ ಯಾಕ ಕೇಳೂಣು?" ಎಂದರು. ಒಬ್ಬ ನಿರ್ಣಾಯಕರು ತಡೆಯಲಾರದೆ, ಕೈ ಎತ್ತುವ ಮೊದಲೇ ಅದಕ್ಕೆ ಹೇಗೆ ತಿಳಿಯಿತು ಎಂದರು. "ನಾನೂ ಕೇಳೀನ್ರಿ. ಹೇಳವಲ್ಲಳು." ಯಾವ ಸ್ಥಾನವೂ ಸಿಗಲಿಲ್ಲ. ಮನೆಗೆ ಹೋದ ಮೇಲೆ ಸಕ್ರಿ ಎರಡು ರೊಟ್ಟಿ ತಿಂದಿತಂತೆ.

ನಿವೃತ್ತಿಯ ನಂತರ ಅಕ್ಕೋರು ಪ್ರತಿ ರವಿವಾರ ಅಣ್ಣಿಗೇರಿಗೂ ಹೋಗಿ, ಅಲ್ಲಿನ ಆಸಕ್ತರ ನಾಯಿಗಳಿಗೆ ಕಲಿಸಲಿದ್ದಾರೆ. ಕೈಸನ್ನೆ ತೋರಿಸಿಕೊಡಲು ಮೂತಿ ನರೆತ ಸಕ್ರಿಯೂ ಜೊತೆಗಿರುತ್ತದೆ. ಅಂಜುವವರು ಬೇಕೆಂದು ನನ್ನನ್ನೂ ಕರೆದಿದ್ದಾರೆ. ಅಕ್ಕೋರಿಗೆ ನೂರು ವರ್ಷ ಆಯುಷ್ಯವಿರಲಿ, ಅವರ ಸೊಂಟದ ಚೀಲದಲ್ಲಿ ರೊಟ್ಟಿಯ ಚೂರು ಎಂದೂ ತೀರದಿರಲಿ ಎಂದು ಹಾರೈಸುತ್ತೇನೆ.

ಇನ್ನೊಂದನ್ನು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಸಕ್ರಿ ಕುಳಿತದ್ದನ್ನು ಕಂಡು ಆ ದಿನ ಕೈಗಳು ಎದ್ದವೋ, ಕೈಗಳು ಎದ್ದದ್ದನ್ನು ಕಂಡು ಸಕ್ರಿ ಕುಳಿತಿತೋ ಎಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ನನ್ನ ತಾಳ ಮುಗಿದದ್ದಕ್ಕೆ ಕೈ ಎತ್ತಿದೆ, ನಾಯಿಯ ಕಡೆ ನೋಡಿಯೇ ಇರಲಿಲ್ಲ ಎನ್ನುತ್ತಾರೆ ಹಸನಸಾಬರು. ಊರವರ ಕೈಗೆ ಕೂರಬಾರದೆಂದು ಸಕ್ರಿಗೆ ಕಲಿಸಿಯಾಗಿತ್ತು. ತಮ್ಮ ಭುಜ ಏನಾದರೂ ಅಲುಗಿತ್ತೋ ಎಂಬುದು ಅಕ್ಕೋರಿಗೇ ನೆನಪಿಲ್ಲ. ಎಲ್ಲರಿಗಿಂತ ಹತ್ತಿರ ನಿಂತಿದ್ದವನು ನಾನು, ಕಣ್ಣು ತೆರೆದೇ ಇದ್ದೆ. ನನಗೆ ಗೊತ್ತಿಲ್ಲ.