ಬೂಟು ಬಿಚ್ಚಿದ ಶೋಕಿಲಾಲ

ಲಂಡನ್ನಿನ ಹೇಸ್‌ನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಪೆಟ್ಟಿಗೆ ಎತ್ತಿಳಿಸಿದ ಶೇಖರಪ್ಪ ಬಡಿಗೇರನೆಂಬ ಮಹಾವೀರನಿಗೆ ಒಂದೇ ಒಂದು ಗುಟ್ಟಿತ್ತು: ಅವನಿಗೆ ಸೈಕಲ್ ಬರುತ್ತಿರಲಿಲ್ಲ. ಎಂಟನೇ ವಯಸ್ಸಿನಲ್ಲಿ ಧಾರವಾಡದ ಗಟಾರವೊಂದಕ್ಕೆ ಬಿದ್ದವನು ಮತ್ತೆ ಸೀಟು ಹತ್ತಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಮೊಮ್ಮಗಳು ಅನ್ವಿತಾಗೆ ಉಣಿಸುವಾಗ, ತಾನು ಹ್ಯಾಂಡಲ್ ಮುಟ್ಟದೆ ಹುಬ್ಬಳ್ಳಿಯವರೆಗೆ ಸೈಕಲ್ ಹೊಡೆದ ಕಥೆಯನ್ನು ತುತ್ತಿಗೊಂದು ಮೈಲಿಯಂತೆ ಹೇಳಿಬಿಟ್ಟಿದ್ದ. ಆಕೆಗೀಗ ಹನ್ನೊಂದು ವರ್ಷ; ಒಂದು ಮೈಲಿಯನ್ನೂ ಮರೆತಿರಲಿಲ್ಲ.

ಈ ಬೇಸಿಗೆಯಲ್ಲಿ ಪಕ್ಕದ ಪಿನ್ನರ್‌ನ ಇತಿಹಾಸಪ್ರಿಯರ ಸಂಘವೊಂದು ಬಡಿಗತನ ಬಲ್ಲ ಅವನಿಂದ ಮರದ ಓಟದ ಬಂಡಿ ಮಾಡಿಸಿತು. ಇನ್ನೂರು ವರ್ಷಗಳ ಹಿಂದೆ ಲಂಡನ್ನಿನ ಶೋಕಿಲಾಲರು ಉದ್ದ ಟೋಪಿ, ಬಾಲದ ಕೋಟು ತೊಟ್ಟು ಇಂಥದ್ದರ ಮೇಲೆ ಮೆರೆಯುತ್ತಿದ್ದರು. ಎರಡು ಚಕ್ರ, ನಡುವೆ ತೊಲೆ, ಅದರ ಮೇಲೊಂದು ಆಸನ. ಪೆಡಲ್ ಇಲ್ಲ, ಬ್ರೇಕೂ ಇಲ್ಲ. ನೆಲ ಒದ್ದು ಓಡಿಸಬೇಕು, ಕಾಲೂರಿ ನಿಲ್ಲಿಸಬೇಕು. ಕಾಲು ನೆಲ ಬಿಡದ ವಾಹನವೆಂದು ಹಿಗ್ಗಿದ ಶೇಖರಪ್ಪ, ಸಂಘದ ಬೇಸಿಗೆ ಉತ್ಸವದ ದಿನ ತಾನೇ ಸವಾರನೆಂದು ಒಪ್ಪಿಕೊಂಡ.

ದಾರಿ ಹೈ ಸ್ಟ್ರೀಟಿನ ಇಳಿಜಾರೆಂದು ಆಮೇಲೆ ತಿಳಿಯಿತು. ಆ ವಾರವಿಡೀ ಅವನು ರೊಟ್ಟಿ ತಿನ್ನಲಿಲ್ಲ. ತಟ್ಟೆ ಓರೆ ಮಾಡಿ, ರೊಟ್ಟಿ ಹೇಗೆ ಜಾರುತ್ತದೆಂದು ನೋಡುತ್ತ ಕೂತ.

ಆ ದಿನ ಇಳಿಜಾರಿನ ತಲೆಯಲ್ಲಿ ಹೆಂಡತಿ ಶಿವಕ್ಕ ಬಂಡಿಗೆ ಪೂಜೆ ಮಾಡಿದಳು. ತೊಲೆಗೆ ವಿಭೂತಿ, ಕುಂಕುಮ, ಹೂವು. ಮುಂದಿನ ಚಕ್ರದಡಿ ನಿಂಬೆಹಣ್ಣು. ಅವನು ಕಾಲೆತ್ತಿದ್ದೇ ತಡ, ತಡೆದಳು.

"ರೀ, ಪೂಜಿ ಆದ ಗಾಡಿ. ಬೂಟು ಹಾಕ್ಕೊಂಡು ದಾಟತೀರೇನು?"

"ಶಿವಿ, ಬೂಟ ಇದರ ಬ್ರೇಕು. ಕಾರಿಗೂ ಪೂಜಿ ಮಾಡಿದ್ದಿ, ಅದರಾಗ ಬೂಟು ಹಾಕ್ಕೊಂಡ ಕೂಡತೀನಲ್ಲ?"

"ಕಾರಿನ ನೆತ್ತಿ ಮ್ಯಾಲೆ ಕಾಲು ಎತ್ತಿ ಹಾಕತೀರೇನು? ಬಿಚ್ಚರಿ."

ಶೇಖರಪ್ಪ ಬಿಚ್ಚಿದ. ತಲೆಯ ಮೇಲೆ ಉದ್ದ ಟೋಪಿ, ಬೆನ್ನಿಗೆ ಬಾಲದ ಕೋಟು, ಕೆಳಗೆ ಬರಿಗಾಲು. ಇಳಿಜಾರಿನ ಬುಡದಲ್ಲಿ, ಬಂಡಿ ತಡೆಯಲಿಟ್ಟ ಹುಲ್ಲಿನ ಪೆಂಡಿಗಳ ಪಕ್ಕ ಅನ್ವಿತಾ ಫೋನ್ ಹಿಡಿದು ನಿಂತಿದ್ದಳು. ಬಿದ್ದರೆ ಹುಬ್ಬಳ್ಳಿಯೂ ತನ್ನ ಜೊತೆಗೇ ಬೀಳುತ್ತದೆಂದುಕೊಳ್ಳುತ್ತ ಅವನು ಬಂಡಿಯೇರಿದ.

ಸೀಟಿ ಕೂಗಿತು. ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಹತ್ತು ಹೆಜ್ಜೆ ದಿಗ್ವಿಜಯಕ್ಕೆ ಹೊರಟ ರಾಜನಂತೆ ನಡೆದ. ಹನ್ನೊಂದನೆಯದನ್ನು ಇಳಿಜಾರು ಕಿತ್ತುಕೊಂಡಿತು. ಹಿಮ್ಮಡಿ ಊರಿದ, ಡಾಂಬರು ಚರ್ಮ ಕೆರೆಯಿತು. ಉರಿ ತಾಳದೆ ಎರಡೂ ಕಾಲು ಮೇಲೆತ್ತಿಬಿಟ್ಟ.

ಬೇಕರಿ ಹೋಯಿತು, ಪಬ್ ಹೋಯಿತು. ಕಣ್ಣೆದುರು ಧಾರವಾಡದ ಗಟಾರ ಬಾಯಿ ತೆರೆದು ಬಂತು. ಬಂಡಿ ಮಾತ್ರ ಬೀಳಲಿಲ್ಲ. ಕೊನೆಗೆ ಪೆಂಡಿಗಳೊಳಗೆ ನುಗ್ಗಿ ನಿಂತಿತು. ಟೋಪಿಯೊಂದೇ ಪ್ರಯಾಣ ಮುಂದುವರಿಸಿತು.

"ಅಜ್ಜಾ, ಆರ್ ಯೂ ಓಕೆ?"

ಹುಬ್ಬಳ್ಳಿಗೂ ಹೀಗೇ ಹೋಗಿದ್ದೆ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಹಿಮ್ಮಡಿ ಉರಿಯುತ್ತಿರುವಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಅವ್ವಿ, ನನಗ ಸೈಕಲ್ ಹೊಡೀಲಿಕ್ಕ ಬರೂದಿಲ್ಲ. ಹುಬ್ಬಳ್ಳಿಗೆ ಬಸ್ಸಿನಾಗ ಹೋಗಿದ್ದೆ."

"ಐ ನೋ. ಅಜ್ಜಿ ಟೋಲ್ಡ್ ಮೀ ಏಜಸ್ ಅಗೋ," ಎಂದಳು ಅನ್ವಿತಾ, ಅವನ ಮೀಸೆಯಿಂದ ಹುಲ್ಲು ತೆಗೆಯುತ್ತ. "ಬಟ್ ಯುವರ್ ಫೀಟ್ ವರ್ ಅಪ್. ಬೋತ್." ಎರಡೂ ಕಾಲು ಗಾಳಿಯಲ್ಲಿಟ್ಟು ಬೀಳದೆ ಬರುತ್ತಿದ್ದ ಅವನನ್ನೇ ಫೋನಿನಲ್ಲಿ ತೋರಿಸಿದಳು.

ಅಷ್ಟರಲ್ಲಿ ಎರಡನೇ ಸುತ್ತಿಗೆ ಕರೆ ಬಂತು. ಇಳಿಜಾರಿಳಿದು ಬಂದ ಶಿವಕ್ಕ ಬೂಟು ತಂದಿಟ್ಟಳು. "ದೇವರು ಒಮ್ಮೆ ನೋಡ್ಯಾನ, ಸಾಕು. ಹಾಕ್ಕೋರಿ."

ಶೇಖರಪ್ಪ ಒಮ್ಮೆ ಇಳಿಜಾರಿನ ಕಡೆ ನೋಡಿದ. ಆಮೇಲೆ ಕೂತು, ಲೇಸನ್ನು ಬಹಳ ನಿಧಾನವಾಗಿ ಕಟ್ಟತೊಡಗಿದ.